ಹಾಸಿನ ಪಕ್ಕದ ಸರಾಸರಿ

ಚೆಂಡು ಇನ್ನೂ ಮೇಲಿತ್ತು. ಇಬ್ರಾಹಿಂಸಾಬ ಓಡುವುದನ್ನು ಅರ್ಧಕ್ಕೇ ನಿಲ್ಲಿಸಿ, ಬ್ಯಾಟು ನೆಲಕ್ಕೆ ಊರಿ, ಬಾಯಿ ತೆರೆದು ಆಕಾಶ ನೋಡುತ್ತಿದ್ದ.

"ಇನ್ನೊಂದೀಟ ಮುಂದ ಹೋಗ ನಮ್ಮಪ್ಪ, ಇನ್ನೊಂದೀಟ," ಎಂದು ಚೆಂಡಿಗೆ ಬೇಡಿಕೊಂಡ.

ಚೆಂಡು ಹೋಗಲಿಲ್ಲ. ಬಯಲಿನುದ್ದಕ್ಕೂ ಎಳೆದು ಕಟ್ಟಿದ್ದ ಕಡುನೀಲಿ ನೂಲಿನ ನಡುವೆ ಬಿತ್ತು. ಹಸಿ ಗಂಜಿ ಕುಡಿದು ಬಿಗಿಯಾಗಿದ್ದ ಎಳೆಗಳು ಅದನ್ನು ಒಂದು ಗಳಿಗೆ ತೊಟ್ಟಿಲಿನಂತೆ ತೂಗಿದವು. ಆಮೇಲೆ ಟಪಟಪ ಹರಿದು ಮಣ್ಣಿಗೆ ಬಿಟ್ಟವು.

"ಔಟ್," ಎಂದ ಅಂಪೈರ್. ಬೆರಳು ಎತ್ತುವುದಕ್ಕೂ ಅವನಿಗೆ ಬೇಸರವಾಗಿತ್ತು.

ನೂಲಿನ ಒಡತಿ ದುರಗವ್ವ ಗಂಜಿ ಸವರುವ ಕುಂಚ ಹಿಡಿದುಕೊಂಡೇ ಮೈದಾನದೊಳಗೆ ಬಂದಳು. ಕುಂಚದಿಂದ ಗಂಜಿ ತೊಟ್ಟಿಕ್ಕುತ್ತಿತ್ತು.

"ನಿನ್ನ ಕೈ ಸೇದಿಹೋಗ್ಲಿ! ಯಾವಂವಲೇ ಅಂವ?"

"ನಾನಬೇ, ಇಬ್ರಾಹಿಂ. ಚೆಂಡ್ ಕೊಡಬೇ ಯವ್ವಾ, ಮ್ಯಾಚ್ ನಡದೈತಿ."

"ಚೆಂಡ್ ಬೇಕೇನ್ ಭಾಡ್ಯಾ? ಬಾ, ಕುಂಡ್ರು. ಹರದ ಎಳಿ ಒಂದೊಂದ ಕೂಡಿಸು. ಆಮ್ಯಾಲ ಚೆಂಡ್."

ಬದಾಮಿಯಿಂದ ಬಂದಿದ್ದ ಹನ್ನೊಂದು ಮಂದಿಯೂ ನಕ್ಕರು. "ನಮ್ಮೂರಾಗ ಚೆಂಡ್ ಮಂಗ್ಯಾ ಒಯ್ತಾವು. ಇಲ್ಲೆ ಮಂದೀನ ಒಯ್ತಾರ," ಎಂದ ಅವರಲ್ಲೊಬ್ಬ.

ಇಬ್ರಾಹಿಂಸಾಬ ಬ್ಯಾಟನ್ನು ಮುಂದಿನವನ ಕೈಗೆ ಕೊಟ್ಟು, ಹೋಗಿ, ಹಾಸಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವನು ಕೂತದ್ದನ್ನು ನೋಡಿದ ಮೇಲೆ ದುರಗವ್ವ ಚೆಂಡನ್ನು ಮೈದಾನಕ್ಕೆ ಎಸೆದಳು.

ಇಲಕಲ್ಲಿನ ನೇಕಾರರ ಓಣಿಯ ಹಿಂದಿನ ಬಯಲು ಅದು. ಮಗ್ಗಕ್ಕೆ ಏರಿಸುವ ಮೊದಲು ಸೀರೆಯ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಸವರಿ, ಬೆಳಗಿನ ಬಿಸಿಲಿಗೆ ಒಣಗಿಸಬೇಕು. ಅದೇ ಹಾಸು. ಓಣಿಯವರ ಹಾಸು ಭಾನುವಾರವೂ ಬಯಲಿನಲ್ಲೇ ಬೀಳುತ್ತಿತ್ತು, ಕ್ರಿಕೆಟ್ಟೂ ಭಾನುವಾರವೇ. ಬಯಲಿನ ಒಂದು ತುದಿಯಲ್ಲಿ ಬಾವಿ ಇದ್ದದ್ದರಿಂದ ಬೌಲಿಂಗ್ ಯಾವಾಗಲೂ ಇನ್ನೊಂದು ತುದಿಯಿಂದಲೇ. ಹೀಗಾಗಿ ಬಲಗೈ ಆಟಗಾರನ ಲೆಗ್ ಬದಿಗೆ ಎಂದೆಂದೂ ಹಾಸು. ಹಾಸಿಗೆ ಚೆಂಡು ಬಿದ್ದರೆ ಔಟು, ಔಟಾದವನು ಕೂತು ಎಳೆ ಕೂಡಿಸಬೇಕು. ಈ ಎರಡನ್ನೂ ಒಪ್ಪಿದ ಮೇಲೆಯೇ ಓಣಿಯ ಹಿರಿಯರು ಬಯಲು ಕೊಟ್ಟಿದ್ದು. ಬಾಗಲಕೋಟೆಯ ಮೈದಾನ ಶಾಲೆಯವರದು, ಭಾನುವಾರ ಬೀಗ. ಬದಾಮಿಯದು ಕಲ್ಲು. ಹುನಗುಂದದ್ದು ಎರೆಭೂಮಿ, ಬಿಸಿಲಿಗೆ ಬಿರುಕು ಬಿಟ್ಟರೆ ಫೀಲ್ಡರನ ಕಾಲೇ ಒಳಗೆ ಹೋಗುತ್ತದೆ. ನಾಲ್ಕೂರಿನ ಲೀಗ್‌ನ ಮ್ಯಾಚುಗಳೆಲ್ಲ ಇಲ್ಲೇ ಆಗುತ್ತಿದ್ದವು.

ಬೇವಿನ ಮರದ ಕೆಳಗೆ ಸ್ಕೋರು ಬರೆಯುತ್ತಿದ್ದ ದೇವಪ್ಪ, ಇಬ್ರಾಹಿಂಸಾಬನ ಹೆಸರಿನ ಮುಂದೆ 'ಹಾ' ಎಂದು ಬರೆದ. ಕ್ಯಾಚಿಗೆ 'ಕ್ಯಾ', ಬೌಲ್ಡಿಗೆ 'ಬೌ', ಹಾಸಿಗೆ 'ಹಾ'.

ಇನ್ನೊಂದು ತುದಿಯಲ್ಲಿದ್ದ ಹುಲ್ಲಪ್ಪ ಈಗ ಆಡಲು ಬಂದ. ಮೊದಲ ಚೆಂಡು ಕಾಲಿನ ಮೇಲೆ ಬಂತು. ಬೇರೆ ಯಾರೇ ಆಗಿದ್ದರೂ ತಿರುಗಿಸಿ ಹೊಡೆಯುತ್ತಿದ್ದರು. ಹುಲ್ಲಪ್ಪ ಬ್ಯಾಟನ್ನು ಹಿಂದಕ್ಕೆ ಎಳೆದುಕೊಂಡು ತೊಡೆಯನ್ನು ಒಡ್ಡಿದ. ಚೆಂಡು ಹಸಿ ಮಣ್ಣಿಗೆ ಬಡಿದಂತೆ ಸದ್ದು ಮಾಡಿ ಅಲ್ಲೇ ಬಿತ್ತು. ಅವನ ಮುಖ ಕದಲಲಿಲ್ಲ. ಎರಡನೆಯದು ಸ್ವಲ್ಪ ಹೊರಗೆ ಬಂತು. ಹುಲ್ಲಪ್ಪನ ಮಣಿಕಟ್ಟು ಲಾಳಿ ಎಸೆಯುವಾಗ ತಿರುಗಿದಂತೆ ತಿರುಗಿತು, ಚೆಂಡು ಆಫ್ ಬದಿಗೆ ನೆಲ ಬಿಡದೆ ಹರಿದು ಜಾಲಿಗಿಡದ ಬುಡ ಸೇರಿತು. ಬದಾಮಿಯವರು ನಗುವುದನ್ನು ಬಿಟ್ಟರು.

ಹುಲ್ಲಪ್ಪ ದುರಗವ್ವನ ಮನೆಯ ಕುಣಿಮಗ್ಗದಲ್ಲಿ ಕೂಲಿಗೆ ನೇಯುವವನು. ಚಿಕ್ಕವನಿದ್ದಾಗ ಒಮ್ಮೆ ಚೆಂಡನ್ನು ಹಾಸಿಗೆ ಹೊಡೆದಿದ್ದ. ಅವತ್ತು ಹೊತ್ತು ಮುಳುಗುವ ತನಕ ಎಳೆ ಕೂಡಿಸಿದ್ದ. ಅಲ್ಲಿಂದ ಈಚೆಗೆ ಅವನ ಹೆಸರಿನ ಮುಂದೆ ಒಂದೂ 'ಹಾ' ಬಿದ್ದಿರಲಿಲ್ಲ. ದೇವಪ್ಪ ಅದನ್ನು ಅವನ ದೊಡ್ಡತನ ಎಂದು ಎಣಿಸಿದ್ದ.

ಮ್ಯಾಚು ಮುಗಿದು ಬದಾಮಿಯವರು ಬಸ್ಸಿಗೆ ಓಡಿದ ಮೇಲೆ ದೇವಪ್ಪ ಹುಲ್ಲಪ್ಪನನ್ನು ಮರದ ಕೆಳಗೆ ಕೂರಿಸಿದ.

"ಲೇ ಹುಲ್ಲಪ್ಪಾ, ನಿನ್ನ ಸರಾಸರಿ ಎಷ್ಟ ಗೊತ್ತೇನು?"

"ಹದಿನೆಂಟ ಅಂತ ನೀವ ಹೇಳಿದ್ರಿ. ಸುಣ್ಣದ ಕಾರ್ಖಾನಿಯವ್ರು ಇಪ್ಪತ್ತೈದ ಬೇಕಂತಾರ. ಆ ಮಾತ ಮುಗೀತಲ್ರಿ."

ಬಾಗಲಕೋಟೆಯ ಹೊರಗಿನ ಸುಣ್ಣದ ಕಾರ್ಖಾನೆಗೆ ಒಂದು ತಂಡವಿತ್ತು. ತಂಡಕ್ಕೆ ಆಯ್ಕೆಯಾದವನಿಗೆ ಕಾರ್ಖಾನೆಯಲ್ಲಿ ಕಾಯಂ ಕೆಲಸ. ವಯಸ್ಸು ಇಪ್ಪತ್ತೈದು ದಾಟಿರಬಾರದು. ಬರುವ ಯುಗಾದಿಗೆ ಹುಲ್ಲಪ್ಪನಿಗೆ ದಾಟುತ್ತಿತ್ತು. ಕೆಲಸಕ್ಕಿಂತ ಹೆಚ್ಚಾಗಿ ಅವನಿಗೆ ಬೇಕಾಗಿದ್ದದ್ದು ಮಗ್ಗದ ಕುಣಿಯಿಂದ ಮೇಲೆ ಬರುವುದು. ಹನ್ನೆರಡನೆಯ ವಯಸ್ಸಿನಿಂದ ಅವನು ಸೊಂಟದವರೆಗೆ ನೆಲದೊಳಗೆ ಕೂತು ಜಗತ್ತನ್ನು ಮಂದಿಯ ಮೊಣಕಾಲಿನ ಎತ್ತರದಿಂದ ನೋಡಿದ್ದ. ಕ್ರೀಸಿನಲ್ಲಿ ನಿಂತಾಗ ಮಾತ್ರ ಮುಖಗಳು ಸರಿಯಾದ ಎತ್ತರಕ್ಕೆ ಬರುತ್ತಿದ್ದವು.

"ಮುಗದಿಲ್ಲ," ಎಂದ ದೇವಪ್ಪ. "ನಿನ್ನ ಹದಿನೆಂಟು ಸಣ್ಣದಲ್ಲ. ನಮ್ಮ ಲೀಗಿನ ಎಲ್ಲಾ ಆಟಗಾರರದ್ದೂ ಕೂಡಿಸಿ ಸರಾಸರಿ ತಗದೇನಿ. ಒಂಬತ್ತು! ನೀ ಲೀಗಿನ ಎರಡು ಪಟ್ಟು ಅದಿ. ಲೀಗಿಗೆ ನೂರು ಅಂತ ಇಟ್ರ ನೀ ಇನ್ನೂರು."

ದೇವಪ್ಪ ಹುನಗುಂದದ ತಾಲೂಕು ಕಚೇರಿಯಲ್ಲಿ ಅಂಕಿಅಂಶದ ಗುಮಾಸ್ತ. ಜೋಳದ ಸುಗ್ಗಿಯಲ್ಲಿ ಹೊಲಹೊಲ ತಿರುಗುವುದು, ಹಗ್ಗ ಗೂಟ ಹಿಡಿದು ಒಂದು ತುಂಡು ಅಳೆಯುವುದು, ಅಷ್ಟನ್ನೇ ಕೊಯ್ದು, ಬಡಿದು, ತೂಗಿ ತಾಲೂಕಿನ ಇಳುವರಿ ಹೇಳುವುದು ಅವನ ಕೆಲಸ. ಬಾಗಲಕೋಟೆಯ ಹೊಳೆದಂಡೆಯ ಹೊಲವನ್ನೂ ಹುನಗುಂದದ ಮಳೆಯಾಶ್ರಿತ ಹೊಲವನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಸಾಹೇಬರ ಮೇಲೆ ಅವನಿಗೆ ಸಿಟ್ಟು. ಹೊಲವನ್ನು ಅದರ ಸುತ್ತಲಿನ ಹೊಲಗಳ ಪಕ್ಕ ಇಟ್ಟು ನೋಡಬೇಕು ಎಂಬುದೊಂದೇ ಅವನು ನಂಬಿದ ಸಂಗತಿ. ದೇವರನ್ನೂ ಅಷ್ಟು ನಂಬಿರಲಿಲ್ಲ.

"ಇನ್ನೂರು," ಎಂದು ಹುಲ್ಲಪ್ಪ ಮೆಲ್ಲಗೆ ಹೇಳಿ ನೋಡಿದ. ಹೊಸ ಚಪ್ಪಲಿಯಲ್ಲಿ ಕಾಲಿಟ್ಟು ನೋಡಿದಂತೆ.

"ಕಾರ್ಖಾನಿಯವ್ರು ಆಡೂ ಹುಬ್ಬಳ್ಳಿ ಲೀಗಿನ್ಯಾಗ ಎಲ್ಲಾರ ಸರಾಸರಿ ಇಪ್ಪತ್ತೆರಡು. ಅಲ್ಲೆ ಇಪ್ಪತ್ತೈದು ಹೊಡದಾಂವ ಬರೇ ನೂರಾ ಹದಿನಾಲ್ಕು. ನೀ ಇನ್ನೂರು. ಯಾರ ದೊಡ್ಡಾಂವ್ರು ಹೇಳು?"

ಹಾಸಿನ ಪಕ್ಕದಿಂದ ಇಬ್ರಾಹಿಂಸಾಬ ಕೂಗಿದ: "ದೇವಪ್ಪನವರ, ನಂದೆಷ್ಟು?"

"ನಲವತ್ತು."

"ನೂರಕ್ಕ ನಲವತ್ತಂದ್ರ ಪಾಸಲ್ರಿ! ನಮ್ಮ ಖಾನದಾನಿನ್ಯಾಗ ನಾನ ಮೊದಲನೇದಾಂವ," ಎಂದು ಅವನು ಬೆರಳುಗಳ ನಡುವೆ ಎಳೆ ಹೊಸೆದ.

ಹುಲ್ಲಪ್ಪ ನಗಲಿಲ್ಲ. "ಬಾಗಲಕೋಟಿಗೆ ಯಾವಾಗ ಹೋಗೂಣ್ರಿ?" ಎಂದು ಕೇಳಿದ.

ಮುಂದಿನ ವಾರ ಹೋದರು. ಕಾರ್ಖಾನೆಯ ಮೈದಾನದ ಮೇಲೆ, ಬೇಲಿಯ ಮೇಲೆ, ಬೇಲಿಯಾಚೆಯ ತೊಗರಿಗಿಡಗಳ ಮೇಲೆ ಎಲ್ಲಾ ಬಿಳಿ ಪುಡಿ ಕೂತಿತ್ತು. ತಂಡದ ನಾಯಕ ಅಹ್ಮದಸಾಬ, ನಲವತ್ತು ದಾಟಿದ ವಿಕೆಟ್‌ಕೀಪರ್, ಹಂಚಿನ ಶೆಡ್ಡಿನಲ್ಲಿ ಕೂತು ಗ್ಲೌಸು ಹೊಲಿಯುತ್ತಿದ್ದ. ದೇವಪ್ಪನ ಲೆಕ್ಕವನ್ನು ತಲೆ ಎತ್ತದೆ ಪೂರ್ತಿ ಕೇಳಿದ.

"ಇನ್ನೂರಾ?"

"ಇನ್ನೂರು."

"ಹಂಗಾದ್ರ ಇಂವಗ ನಮ್ಮ ಕಾರ್ಖಾನಿ ಸಣ್ಣದಾತಲ್ರಿ. ನಮ್ಮ ಮಾಲಕರ ಸುದ್ದಾ ನೂರೈವತ್ತರ ಮ್ಯಾಲಿಲ್ಲ." ದಾರವನ್ನು ಹಲ್ಲಿನಿಂದ ಕಡಿದ. "ನೋಡ್ರಿ, ಎರಡು ಪಟ್ಟು ಅಂತೀರಿ. ನಾ ಒಪ್ಪತೇನಿ. ಆದ್ರ ಯಾವುದರ ಎರಡು ಪಟ್ಟು? ನಿಮ್ಮ ಬೌಲರು ಎಂಥಾವರು?"

"ಎಂಥಾವರಾದ್ರೂ ಇರ್ಲಿ. ಅದ ಬೌಲರಿಗೆ ಉಳದವರೆಲ್ಲಾ ಒಂಬತ್ತು ಹೊಡದಾರ. ಇಂವ ಹದಿನೆಂಟು. ಅಷ್ಟ ನಾ ಹೇಳೂದು."

ಅಹ್ಮದಸಾಬ ಮೊದಲ ಸಲ ತಲೆ ಎತ್ತಿ ಹುಲ್ಲಪ್ಪನನ್ನು ನೋಡಿದ. ಬೆನ್ನು ಸ್ವಲ್ಪ ಬಾಗಿತ್ತು. ಮಣಿಕಟ್ಟು ಗಟ್ಟಿಯಾಗಿತ್ತು.

"ಮಾತು ಸರಿ ಐತಿ," ಎಂದ ನಿಧಾನವಾಗಿ. "ಖರೇನ ಸರಿ ಐತಿ. ಇಪ್ಪತ್ತೈದು ಬಿಟ್ಟಬಿಡ್ರಿ. ಪ್ಯಾಡ್ ಕಟ್ಟು ತಮ್ಮಾ. ನನ್ನ ಕಣ್ಣಿಗೆ ಕಂಡ್ರ ಸಾಕು, ಆಫೀಸಿಗೆ ನಾ ಹೇಳ್ತೇನಿ."

ದೇವಪ್ಪ ತಾನೇ ಬಗ್ಗಿ ಹುಲ್ಲಪ್ಪನಿಗೆ ಪ್ಯಾಡ್ ಕಟ್ಟಿದ. ಹತ್ತು ವರ್ಷದ ನೌಕರಿಯಲ್ಲಿ ಅವನ ಲೆಕ್ಕವನ್ನು ಯಾರೂ ಹೀಗೆ ಒಪ್ಪಿರಲಿಲ್ಲ.

ಕಾಂಕ್ರೀಟಿನ ಮೇಲೆ ಕತ್ತದ ಚಾಪೆ ಹಾಸಿದ ಪಿಚ್. ಬೌಲರ್ ಒಬ್ಬ ಎತ್ತರದ ಆಳು, ಓಡಿ ಬರುವಾಗ ಅವನ ಬೂಟಿನ ಕೆಳಗಿಂದ ಸುಣ್ಣ ಏಳುತ್ತಿತ್ತು. ಮೊದಲ ಚೆಂಡು ಹೊರಗೆ ಬಿತ್ತು. ಹುಲ್ಲಪ್ಪನ ಮಣಿಕಟ್ಟು ತಿರುಗಿತು. ಚೆಂಡು ಬೇಲಿಗೆ ಬಡಿದು ಬಿಳಿ ಪುಡಿ ಉದುರಿಸಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಅಲ್ಲಿ ಒಬ್ಬ ಫೀಲ್ಡರ್ ಬಂದು ನಿಂತ, ಚೆಂಡು ಅವನ ಎಡಗಡೆಯಿಂದ ಹೋಯಿತು. ಅವನಿಗೆ ಬಗ್ಗುವುದಕ್ಕೂ ಹೊತ್ತು ಸಿಗಲಿಲ್ಲ.

"ಯಾ ಅಲ್ಲಾ," ಎಂದ ಸ್ಟಂಪಿನ ಹಿಂದಿದ್ದ ಅಹ್ಮದಸಾಬ. ಹೊಗಳಿಕೆಯೇ ಅದು.

ಆಮೇಲಿನದು ಕಾಲಿನ ಮೇಲೆ ಬಂತು. ಸುಲಭದ ಚೆಂಡು. ಹುಲ್ಲಪ್ಪ ಬ್ಯಾಟು ಹಿಂದಕ್ಕೆ ಎಳೆದುಕೊಂಡು ತೊಡೆ ಒಡ್ಡಿದ.

ಅಹ್ಮದಸಾಬ ಬೌಲರನಿಗೆ ಕೈಸನ್ನೆ ಮಾಡಿದ. ಮತ್ತೊಂದು ಕಾಲಿನ ಮೇಲೆ ಬಂತು, ಮತ್ತೆ ತೊಡೆ. ಮತ್ತೊಂದು, ಮತ್ತೆ ತೊಡೆ. ಈ ಬೌಲರನ ಚೆಂಡು ಇಲಕಲ್ಲಿನ ಚೆಂಡಿನಂತಿರಲಿಲ್ಲ. ಹುಲ್ಲಪ್ಪ ಒಂದು ಕ್ಷಣ ಬ್ಯಾಟಿನ ಮೇಲೆ ಭಾರ ಹಾಕಿ ನಿಂತು, ಮತ್ತೆ ಸರಿಯಾದ.

"ಲೆಗ್ ಕಡೆ ಇರೋರೆಲ್ಲಾ ಈ ಕಡೆ ಬರ್ರಿ!" ಎಂದು ಅಹ್ಮದಸಾಬ ಕೂಗಿದ.

ಫೀಲ್ಡರುಗಳು ನಡೆದು ಬಂದರು. ಆ ಬದಿ ಪೂರ್ತಿ ಖಾಲಿಯಾಯಿತು. ಬೇಲಿಯ ತನಕ ಒಬ್ಬನೂ ಇಲ್ಲ, ಒಂದು ನಾಯಿಯೂ ಇಲ್ಲ. ಬರೇ ಬೆಳ್ಳಗಿನ ಬಯಲು.

"ತಮ್ಮಾ, ನೋಡ್ಕೋ. ಎಲ್ಲಾ ನಿಂದ. ಮುಟ್ಟಿದ್ರ ಸಾಕು, ನಾಕ ರನ್."

ಚೆಂಡು ಬಂತು. ಹುಲ್ಲಪ್ಪನ ಬ್ಯಾಟು ಹೊರಟಿತು. ಅರ್ಧ ದಾರಿಯಲ್ಲಿ ಏನೋ ಅಡ್ಡ ಬಂದಂತೆ ನಿಂತಿತು. ಚೆಂಡು ತೊಡೆಗೆ ಬಡಿಯಿತು.

"ಹೊಡಿಯಲೇ!" ದೇವಪ್ಪ ಶೆಡ್ಡಿನಿಂದ ಕಿರುಚಿದ. "ಅಲ್ಲೇನೂ ಇಲ್ಲ, ಹೊಡಿ!"

ಹುಲ್ಲಪ್ಪ ತಲೆ ಅಲ್ಲಾಡಿಸಿ, ಗೊತ್ತು ಎಂಬಂತೆ ಕೈ ಎತ್ತಿದ. ಮತ್ತೊಂದು ಚೆಂಡು ಬಂತು. ಬ್ಯಾಟು ಹೊರಟಿತು, ನಿಂತಿತು. ಕಡೆಯದಕ್ಕೆ ಅವನು ಕಣ್ಣು ಮುಚ್ಚಿ ಮೈಯನ್ನೆಲ್ಲ ಎಸೆದು ತಿರುಗಿದ. ಕಾಲಿನ ಹಿಂದಿನಿಂದ ಚೆಂಡು ಹೋಗಿ ಸ್ಟಂಪು ಎಬ್ಬಿಸಿತು. ತಿರುಗಿದ ರಭಸಕ್ಕೆ ಹುಲ್ಲಪ್ಪ ಚಾಪೆಯ ಮೇಲೆ ಕೂತುಬಿಟ್ಟಿದ್ದ, ಕಾಲು ಮುಂದೆ ಚಾಚಿಕೊಂಡು, ಮಗ್ಗದಲ್ಲಿ ಕೂತ ಹಾಗೆಯೇ.

ಅಹ್ಮದಸಾಬ ಗ್ಲೌಸು ತೆಗೆದು ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಆ ಕಡೆ ಏನೈತಿ ತಮ್ಮಾ?"

"ಏನಿಲ್ರಿ."

"ಮತ್ಯಾಕ ಹೊಡಿವಲ್ಲಿ?"

ಹುಲ್ಲಪ್ಪ ಖಾಲಿ ಬಯಲನ್ನು ನೋಡಿದ. "ಗೊತ್ತಾಗವಲ್ದ್ರಿ. ಕೈ ಹೋಗವಲ್ದು."

"ನಿನ್ನ ಕಟ್‌ನಂಥಾದ್ದು ನಮ್ಮಲ್ಲಿ ಯಾರ ಹಂತ್ಯಾಕೂ ಇಲ್ಲ. ಆದ್ರ ಎರಡನೇ ಮ್ಯಾಚಿಗೆ ಎಲ್ಲಾ ಬೌಲರಿಗೂ ಗೊತ್ತಾಗತೈತಿ. ಅಲ್ಲಿಗೆ ನೀ ಮುಗದಿ." ಅವನ ಹೆಗಲ ಮೇಲೆ ಕೈಯಿಟ್ಟು ಎದ್ದ. ದೇವಪ್ಪನ ಎದುರಿಗೆ ಬಂದು ಬೇರೆ ಮಾತೇ ಆಡಿದ: "ಚಾ ಕುಡದ ಹೋಗ್ರಿ."

ಮರಳುವ ಬಸ್ಸು ಅಮೀನಗಡದಲ್ಲಿ ನಿಂತಿತು. ದೇವಪ್ಪ ಇಳಿದು ಕರದಂಟು ತಂದ. ಹುಲ್ಲಪ್ಪ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು, ನೋಯುತ್ತಿದ್ದದ್ದರಿಂದ ಪಕ್ಕಕ್ಕೆ ಸರಿಸಿದ. ಬಿಚ್ಚಲಿಲ್ಲ.

"ದೇವಪ್ಪನವರ, ನನ್ನ ಇನ್ನೂರು ಖರೇ ಏನ್ರಿ?"

ದೇವಪ್ಪ ಕಿಟಕಿಯಾಚೆ ನೋಡುತ್ತಿದ್ದ. ಕೊಯ್ದ ಜೋಳದ ಹೊಲಗಳು ಹಿಂದೆ ಹೋಗುತ್ತಿದ್ದವು. ಒಂದು ವರ್ಷ ಅವನು ಹುನಗುಂದದ ಹತ್ತಿರ ಒಂದು ಹೊಲ ಅಳೆದು, ತಾಲೂಕಿನ ಎರಡು ಪಟ್ಟು ಇಳುವರಿ ಎಂದು ಬರೆದು, ಅದರ ಮಣ್ಣನ್ನು ಧಾರವಾಡದ ತನಕ ಪರೀಕ್ಷೆಗೆ ಕಳಿಸಿದ್ದ. ಮಣ್ಣಿನಲ್ಲಿ ಏನೂ ಇರಲಿಲ್ಲ. ಆ ವರ್ಷ ಸುತ್ತಲಿನ ಹೊಲಗಳಿಗೆಲ್ಲ ಹಂದಿ ಹೊಕ್ಕಿದ್ದವು, ಆ ಒಂದು ಹೊಲಕ್ಕೆ ಮುಳ್ಳುಬೇಲಿ ಇತ್ತು, ಅಷ್ಟೇ. ಅದನ್ನು ಅವನು ಮರೆತೇ ಬಿಟ್ಟಿದ್ದ.

"ಹೇಳ್ರಿ. ನನಗ ಸುಳ್ಳ ಬ್ಯಾಡ."

"ಇನ್ನೂರು ಖರೇನ," ಎಂದ ದೇವಪ್ಪ. "ಆದ್ರ ಲೀಗಿನ ಒಂಬತ್ತು ಸುಳ್ಳು. ನಮ್ಮಲ್ಲಿ ಔಟಾಗೋರಾಗ ಹತ್ತಿರ ಹತ್ತಿರ ಅರ್ಧ ಮಂದಿ ಹಾಸಿಗೆ ಹೊಡದ ಔಟಾದವರು. ಹಾಸು ಇರದಿದ್ರ ಅವರೆಲ್ಲಾ ಇನ್ನೂ ಆಡ್ತಿದ್ರು. ಅವರದೆಲ್ಲಾ ಹದಿನೇಳರ ಹತ್ತಿರ ಆಗ್ತಿತ್ತು."

"ನಂದು?"

"ನೀ ಹಾಸಿಗೆ ಹೊಡದ ಇಲ್ಲ. ನಿಂದು ಹದಿನೆಂಟ."

"ಅಂದ್ರ ನೂರಕ್ಕ ಎಷ್ಟಾತ್ರಿ?"

"ನೂರಾ ಆರು."

ಯಾವುದೋ ಹಳ್ಳಿಯಲ್ಲಿ ನಿಂತಿದ್ದ ಬಸ್ಸು ಕಂಡಕ್ಟರನ ಸೀಟಿಗೆ ಮತ್ತೆ ಹೊರಟಿತು.

"ಅಂದ್ರ ನಾ ಎಲ್ಲಾರಂಗ."

ದೇವಪ್ಪ ರನ್ನುಗಳನ್ನೆಲ್ಲ ಬರೆದಿದ್ದ, ಯಾವ ರನ್ನು ಯಾವ ದಿಕ್ಕಿಗೆ ಹೋಯಿತೆಂದು ಒಮ್ಮೆಯೂ ಬರೆದಿರಲಿಲ್ಲ. ಲೀಗನ್ನು ಕುಂಟು ಮಾಡಿದ ಹಾಸೇ ಹುಲ್ಲಪ್ಪನನ್ನು ಎತ್ತರ ಮಾಡಿತ್ತು, ಆ ಎತ್ತರವನ್ನೇ ದೇವಪ್ಪ ಬಾಗಲಕೋಟೆಗೆ ಒಯ್ದು ಮಾರಲು ನೋಡಿದ್ದ. ಹುನಗುಂದ ಬಂತು. ಇಳಿಯಲು ಎದ್ದ ದೇವಪ್ಪನ ಕೈಗೇ ಹುಲ್ಲಪ್ಪ ಪೊಟ್ಟಣವನ್ನು ಮರಳಿ ಕೊಟ್ಟ.

ಆ ವಾರವೆಲ್ಲ ದೇವಪ್ಪನಿಗೆ ಕಚೇರಿಯಲ್ಲಿ ಕೂರಲಾಗಲಿಲ್ಲ. ಗದಗಿನ ಒಂದು ಹತ್ತಿಗಿರಣಿಯಲ್ಲೂ ತಂಡವಿದೆ, ಅಲ್ಲಿ ವಯಸ್ಸು ಇಪ್ಪತ್ತೇಳರ ತನಕ ನಡೆಯುತ್ತದೆ ಎಂದು ಯಾರೋ ಹೇಳಿದರು. ಎರಡು ವರ್ಷ. ಎರಡು ವರ್ಷದಲ್ಲಿ ಒಬ್ಬ ಮನುಷ್ಯನ ಕೈ ಇನ್ನೊಂದು ಕಡೆಗೆ ಹೋಗಲು ಕಲಿಯಲಾರದೇ? ಅಡ್ಡವಿದ್ದದ್ದು ಹಾಸು ಒಂದೇ. ಅವನು ಇಲಕಲ್ಲಿಗೆ ಹೋಗಿ ದುರಗವ್ವನ ಕಟ್ಟೆಯ ಮೇಲೆ ಕೂತ.

"ಹಾಸ ತಗೀಬೇಕಾ?" ದುರಗವ್ವ ಕಣ್ಣು ಕಿರಿದು ಮಾಡಿದಳು. "ನಿಮ್ಮ ಚೆಂಡಿನ ಸಲುವಾಗಿ?"

"ಚೆಂಡಿನ ಸಲುವಾಗಿ ಅಲ್ಲಬೇ. ಹುಲ್ಲಪ್ಪನ ಸಲುವಾಗಿ."

ಅವಳು ಎಲೆಗೆ ಸುಣ್ಣ ಸವರಿದಳು. ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು.

"ಬಾಗಲಕೋಟಿಂದ ಬಂದಾಗಿಂದ ಉಣ್ಣವಲ್ಲ," ಎಂದಳು. "ನೇಯ್ತಾನ. ಯಾರೂ ನೇಯ್ದಂಗಿಲ್ಲ ಹಂಗ ನೇಯ್ತಾನ. ಸೀರಿ ಒಡಲಿಗೆ ಸೆರಗಿನ ಎಳಿ ಕೂಡಿಸಿದ್ದ ನೋಡಿದ್ರ ಗಂಟ ಎಲ್ಲಿ ಐತಿ ಕಾಣಂಗಿಲ್ಲ. ಆದ್ರ ಮಾತಾಡವಲ್ಲ. ಮನ್ಯಾಗ ಹೆಣ ಇದ್ದಂಗ ಆಗೇತಿ." ಎಲೆ ಬಾಯಿಗಿಟ್ಟಳು. "ಮಠದ ಹಿಂದ ಜಾಗಾ ಐತಿ. ದೂರ ಆಕ್ಕೈತಿ, ಆಗ್ಲಿ. ಓಣಿಯವರಿಗೆ ನಾ ಹೇಳ್ತೇನಿ. ನನ್ನ ಮಾತಿಗೆ ಇಲ್ಲಾ ಅನ್ನೋ ಗಂಡಸು ಈ ಓಣ್ಯಾಗ ಇನ್ನೂ ಹುಟ್ಟಿಲ್ಲ."

ಇಬ್ಬರೂ ಒಳಗೆ ಹೋದರು. ಗವಾಕ್ಷಿಯಿಂದ ಒಂದು ಹಲಗೆ ಬಿಸಿಲು ಮಗ್ಗದ ಮೇಲೆ ಬಿದ್ದಿತ್ತು. ಹುಲ್ಲಪ್ಪ ಕುಣಿಯೊಳಗೆ ಕೂತಿದ್ದ. ಅವರ ಕಾಲು ಕಂಡಾಗ ಲಾಳಿ ನಿಲ್ಲಿಸಿದ.

"ಮುಂದಿನ ಐತವಾರದಿಂದ ಬಯಲಾಗ ಹಾಸ ಇರಂಗಿಲ್ಲಪಾ," ಎಂದಳು ದುರಗವ್ವ. ಅವಳ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು. "ಮಠದ ಹಿಂದ ಹಾಕಸ್ತೇನಿ. ನೀ ಯಾ ಕಡೀಗಿ ಬೇಕಾದ್ರೂ ಹೊಡಿ."

"ಗದಗಿನ್ಯಾಗ ಗಿರಣಿ ಒಂದೈತಿ," ಎಂದ ದೇವಪ್ಪ. "ಇನ್ನೂ ಎರಡ ವರ್ಷ ಐತಿ. ದಿನಾ ಮುಂಜಾನೆ ನಾನ ಬಂದು ಲೆಗ್ ಕಡೆ ಚೆಂಡ್ ಹಾಕ್ತೇನಿ. ಇಬ್ರಾಹಿಂನೂ ಬರ್ತೇನಿ ಅಂದಾನ. ಹಾಸು ಇಲ್ಲಂದ್ರ ಕೈ ತಾನ ಹೋಗತೈತಿ."

ಹುಲ್ಲಪ್ಪ ಅವರಿಬ್ಬರ ಮೊಣಕಾಲು ನೋಡುತ್ತಿದ್ದ.

"ಹಾಸ ತಗದ್ರ ಎಲ್ಲಾರೂ ಹೊಡೀತಾರಲ್ರಿ," ಎಂದ.

"ಹೊಡೀಲಿ. ನೀನೂ ಹೊಡಿ."

"ಇಬ್ರಾಹಿಂನೂ ಹೊಡೀತಾನ."

"ಹೊಡೀಲಿ ಅಂದ್ನಲ್ಲೋ."

ಹುಲ್ಲಪ್ಪ ಹರಿದ ಒಂದು ಎಳೆಯನ್ನು ಹುಡುಕಿ, ಎರಡು ತುದಿಯನ್ನೂ ಬೆರಳಿನ ನಡುವೆ ಹಿಡಿದು ಹೊಸೆದ. ಕೂಡಿದ್ದು ಕಾಣದಂತೆ ಕೂಡಿತು.

"ಬ್ಯಾಡ್ರಿ," ಎಂದ.

"ಯಾಕೋ ಹುಚ್ಚಾ?" ದುರಗವ್ವನ ಹಳೆಯ ದನಿ ಮರಳಿತು. "ನಾ ಓಣಿಯನ್ನೆಲ್ಲಾ ಒಪ್ಪಸ್ತೇನಿ ಅಂದ್ರ..."

"ಬ್ಯಾಡ. ಹಾಸ ಅಲ್ಲೇ ಇರ್ಲಿ. ಅದ ಇರೂತನಕ ನಾ ಇನ್ನೂರು."